ಮುಂಡಾಜೆಯ ಕಣ್ಣು

೧೯ ನವೆಂಬರ್ ೧೯೬೧, ಆದಿತ್ಯವಾರ. ಮೂಡಬಿದಿರೆ

ಅವರು ವೀಳ್ಯ ಮುಟ್ಟಲಿಲ್ಲ. ಇದನ್ನು ಮೊದಲು ಬರೆದುಬಿಡಬೇಕು. ಇಲ್ಲದಿದ್ದರೆ ಕೈ ಬೇರೇನನ್ನೂ ಬರೆಯಲು ಒಪ್ಪುವುದಿಲ್ಲ.

ಬೆಳಿಗ್ಗೆ ಹತ್ತರ ಬಸ್ಸಿಗೆ ಪಾಣೆಮಂಗಳೂರಿನಿಂದ ಸರಸಳ ಗಂಡ ಲೋಕನಾಥ ಮತ್ತು ಅವನ ತಾಯಿ ಪದ್ಮಾಕ್ಷಿ ಮಗುವನ್ನು ನೋಡಲು ಬಂದರು. ಸರಸ ಹೆತ್ತು ಇಂದಿಗೆ ಇಪ್ಪತ್ತೆರಡು ದಿನ. ಸರಸಳ ತಾಯಿ, ನನ್ನ ತಂಗಿ ಕಾಂತಿ ಮುಂಜಾನೆಯೇ ಕೋಳಿಗೆ ಮಸಾಲೆ ಅರೆದಿಟ್ಟು, ಮಗಳ ಅತ್ತೆಗೆಂದು ಹೊಸ ಚಾಪೆ ಹಾಸಿ ಕಾದಿದ್ದಳು.

ಪದ್ಮಾಕ್ಷಿಯದು ಗೋಧಿ ಬಣ್ಣ, ಗಿಣಿಮೂಗು, ಐವತ್ತೈದರಲ್ಲೂ ಬಿಗಿಯಾದ ಗಲ್ಲ. ಲೋಕನಾಥನಿಗೂ ಅದೇ ಬಣ್ಣ, ಅದೇ ಮೂಗು. ಗದ್ದ ಮಾತ್ರ ಯಾರಿಂದಲೋ ಎರವಲು ತಂದ ಹಾಗೆ ಚಿಕ್ಕದು. ತೊಟ್ಟಿಲಿನಿಂದ ಮಗುವನ್ನು ಎತ್ತಿದ ಪದ್ಮಾಕ್ಷಿ ಅದನ್ನು ಎದೆಗೆ ಒತ್ತಿಕೊಳ್ಳಲಿಲ್ಲ. ಹೊಸ್ತಿಲ ಬಳಿ ಬೆಳಕಿಗೆ ಒಯ್ದು, ಸೀರೆಯ ಬಣ್ಣ ಹೋಗುತ್ತದೋ ಎಂದು ಪರೀಕ್ಷಿಸುವವಳ ಹಾಗೆ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆ ಎತ್ತಿದಳು. ಜೇನಿಗೆ ಎರಡು ಹನಿ ಹಸಿರು ಬೆರೆಸಿದ ಬಣ್ಣ ಆ ಕಣ್ಣಿಗೆ. ಬೆಕ್ಕಿನ ಕಣ್ಣು, ಇಲ್ಲವೆಂದು ನಾನೂ ಹೇಳುವುದಿಲ್ಲ.

“ಇದು ಯಾವ ಕಡೆಯ ಕಣ್ಣು?” ಎಂದಳು.

“ಸಣ್ಣ ಮಗು ಅಲ್ವಾ ಅಕ್ಕ, ಬಣ್ಣ ಬದಲಾಗ್ತದೆ” ಎಂದಳು ಕಾಂತಿ.

“ನಮ್ಮ ಬದಿಯಲ್ಲಿ ಏಳು ತಲೆಯಿಂದ ಪುಚ್ಚೆಕಣ್ಣು ಇಲ್ಲ. ನಿಮ್ಮಲ್ಲಿ ಉಂಟಾ?”

ಕಾಂತಿ ನನ್ನ ಮುಖ ನೋಡಿದಳು. ನಾನು ಲೋಕನಾಥನ ಮುಖ ನೋಡಿದೆ. ಅವನು ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದ. ಮಗುವಿಗೆಂದು ತಂದ ಬೆಳ್ಳಿ ಕಡಗ ಪದ್ಮಾಕ್ಷಿಯ ಸೆರಗಿನ ಗಂಟಿನಲ್ಲಿ ಬಂತು, ಗಂಟಿನಲ್ಲೇ ಹೋಯಿತು. ಹರಿವಾಣದ ವೀಳ್ಯ ಹಾಗೆಯೇ ಉಳಿಯಿತು. ಕೋಳಿ ಸಾರನ್ನು ನಾವು ಮೂವರೂ ತಿನ್ನಲಿಲ್ಲ. ನೆರೆಮನೆಯ ನಾಯಿಗೆ ಹಬ್ಬ.

೨೬ ನವೆಂಬರ್

ನಿನ್ನೆ ಲೋಕನಾಥನ ಕಾಗದ ಬಂತು. ಬಂಟ್ವಾಳದ ಬಸ್ ಕಚೇರಿಯಲ್ಲಿ ಟಿಕೇಟು ಹರಿಯುವವನಿಗೆ ಇಷ್ಟು ಸಂಸ್ಕೃತ ಎಲ್ಲಿಂದ ಬಂತೋ. “ಮಾತೃಸಮಾನರಾದ ದೊಡ್ಡಮ್ಮನವರಿಗೆ ಸಾಷ್ಟಾಂಗ ವಂದನೆಗಳು. ಊರಿನಲ್ಲಿ ಮಾತು ಹುಟ್ಟಿರುವುದರಿಂದ ಸರಸಳು ಮಗುವನ್ನು ಎತ್ತಿಕೊಂಡು ನಮ್ಮ ಮನೆಯ ದೈವದ ಎದುರು ಪ್ರಮಾಣ ಮಾಡಿದಲ್ಲಿ ಎಲ್ಲರ ಬಾಯಿ ಮುಚ್ಚುವುದು. ಇದು ತಾಯಿಯವರ ಅಭಿಪ್ರಾಯವಾಗಿದೆ.”

ಪ್ರಮಾಣ ಮಾಡದಿದ್ದರೆ? ಅದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದಾನೆ: ಸಂಬಂಧ ಬಿಟ್ಟ ಹಾಗೆ. ತನ್ನ ಅಭಿಪ್ರಾಯ ಏನೆಂದು ಎಲ್ಲಿಯೂ ಬರೆದಿಲ್ಲ. ಕಾಗುಣಿತದ ತಪ್ಪು ನಾಲ್ಕು ಇತ್ತು, ಕೆಂಪು ಶಾಯಿಯಲ್ಲಿ ತಿದ್ದಿದೆ. ಸಿಟ್ಟು ಇಳಿಯಲಿಲ್ಲ.

ಅಳಿಯಕಟ್ಟಿನವರು ನಾವು. ಮಗು ತಾಯಿಯ ಮನೆಯದು, ತಾಯಿಯ ಬಳಿಗೆ, ಅಂದರೆ ಅವಳ ಕುಲಕ್ಕೆ, ಸೇರಿದ್ದು. ಅಪ್ಪ ಯಾರೆಂದು ಮಗುವಿನ ರೆಪ್ಪೆ ಎತ್ತಿ ನೋಡುವ ಅಗತ್ಯ ನಮ್ಮ ಅಜ್ಜಿಯಂದಿರಿಗೆ ಬಂದೇ ಇರಲಿಲ್ಲ. ಐದು ವರ್ಷದ ಹಿಂದೆ ದೆಹಲಿಯಲ್ಲಿ ಕಾನೂನು ಬದಲಾಯಿತು. ಅಪ್ಪನ ಗಳಿಕೆ ಹೆಂಡತಿ ಮಕ್ಕಳಿಗೂ ಬರುತ್ತದೆ ಎಂದಾಯಿತು. ಒಳ್ಳೆಯದೇ. ಆದರೆ ಅಂದಿನಿಂದ ಗಂಡನ ಮನೆಗಳಲ್ಲಿ ತೊಟ್ಟಿಲಿಗೆ ಬಗ್ಗಿ ಮೂಗು ಅಳೆಯುವ ರೋಗ ಶುರುವಾಗಿದೆ.

ಕಾಂತಿ ಅಳುತ್ತಾಳೆ. ಅವಳ ಗಂಡನೂ ಇಲ್ಲ, ನಮ್ಮ ಅಣ್ಣನೂ ಇಲ್ಲ. ಮಾತಾಡಬೇಕಾದ ಯಜಮಾನ ನಾನೇ. ಸರಸ ಅಳುವುದಿಲ್ಲ. ಕಾಗದ ಓದಿ ಮಡಚಿ ನನ್ನ ಕೈಗೆ ಕೊಟ್ಟು, “ಶಾಯಿ ಯಾಕೆ ಹಾಳು ಮಾಡಿದಿರಿ ದೊಡ್ಡಮ್ಮ?” ಎಂದಳು.

೩೦ ನವೆಂಬರ್

ಶಾಲೆಯಿಂದ ಬಂದವಳೇ ಅಟ್ಟದಿಂದ ಮದ್ರಾಸಿನ ಪೆಟ್ಟಿಗೆ ಇಳಿಸಿದೆ. ಸಸ್ಯಶಾಸ್ತ್ರದ ಎಂ.ಎ. ನೋಟುಪುಸ್ತಕಗಳು, ಅಂಚು ಗೆದ್ದಲಿಗೆ, ನಡುವೆ ನನ್ನ ಅಕ್ಷರ. ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಗಿಡ ನೆಟ್ಟು ಎಣಿಸುತ್ತ ಕೂತ ಆ ಪಾದ್ರಿಯ ಪಾಠ ಸಿಕ್ಕಿತು. ನಮ್ಮಲ್ಲಿ ಬಟಾಣಿ ಎಲ್ಲಿ? ಅಡುಗೆಮನೆಯಿಂದ ಅಲಸಂಡೆ ಬೀಜ ತಂದೆ. ಕಪ್ಪು ಒಂದು ಹಿಡಿ, ಬಿಳಿ ಒಂದು ಹಿಡಿ.

“ನೋಡು ಕಾಂತಿ. ಪ್ರತಿಯೊಬ್ಬರಲ್ಲೂ ಕಣ್ಣಿನ ಬಣ್ಣಕ್ಕೆ ಎರಡು ಬೀಜ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಕಪ್ಪು ಜೋರಿನದ್ದು. ಅದು ಒಂದು ಇದ್ದರೂ ಸಾಕು, ಕಣ್ಣು ಕಪ್ಪೇ. ಬಿಳಿ ಹಿಂದೆ ಅಡಗಿ ಕೂತಿರ್ತದೆ, ಬಾಯಿ ಬಿಡುವುದಿಲ್ಲ.”

“ಪದ್ಮಾಕ್ಷಿ ಮತ್ತೆ ಲೋಕನಾಥನ ಹಾಗೆ” ಎಂದಳು ಸರಸ ಬಾಣಂತಿ ಕೋಣೆಯಿಂದಲೇ. ಹೆತ್ತ ಮೇಲೆ ಅವಳು ನಕ್ಕದ್ದು ಇವತ್ತೇ.

“ಹಾಗೆಯೇ. ಎರಡು ಬಿಳಿ ಒಟ್ಟಾದರೆ ಮಾತ್ರ ಬೆಕ್ಕಿನ ಕಣ್ಣು.”

ಕಾಂತಿ ಎರಡು ಬಿಳಿ ಬೀಜ ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. “ಹಾಗಾದ್ರೆ ಲೋಕನಾಥನ ಒಳಗೆ ಒಂದು ಬಿಳಿ ಇರ್ಬೇಕು.”

“ಇರಲೇಬೇಕು.”

“ಸರಸನ ಒಳಗೂ ಒಂದು?”

“ಮೊದಲು ಅವರ ಬದಿ ನೋಡುವ” ಎಂದೆ.

ಕಣ್ಣಿನ ಬಣ್ಣ ಬಟಾಣಿಯಷ್ಟು ಸರಳವಲ್ಲವೆಂದು ನನಗೆ ಗೊತ್ತು. ಆದರೆ ಊರಿಗೆ ಹೇಳಲು ಇಷ್ಟು ಸಾಕು. ಆ ಮನೆಯಲ್ಲಿ ಯಾರೋ ಒಬ್ಬರ ಕಣ್ಣು ಹೀಗಿದ್ದಿರಬೇಕು. ಸತ್ತಿದ್ದರೆ ಬೂದಿಯಿಂದಲಾದರೂ ಎಬ್ಬಿಸಿ ತರುತ್ತೇನೆ.

೩ ಡಿಸೆಂಬರ್

ಸಿಟ್ಟು ತಣಿಯಲೆಂದು ಕವಿತೆಯ ಪುಸ್ತಕ ತೆಗೆದೆ. ಅದೂ ಸಿಟ್ಟು ತಂದಿತು. ಸಾವಿರ ವರ್ಷದಿಂದ ಕಮಲದ ಕಣ್ಣು, ಮೀನಿನ ಕಣ್ಣು, ಜಿಂಕೆಯ ಕಣ್ಣು. ಬೆಕ್ಕಿನ ಕಣ್ಣಿನವಳಿಗೆ ಒಂದು ಸಾಲಿಲ್ಲ. ಕಪ್ಪು ಮೋಡವಾದರೆ ಚಂದ, ಕಪ್ಪು ಕೂದಲಾದರೆ ಚಂದ. ಕಪ್ಪು ಹೆಣ್ಣು? ನನ್ನನ್ನು ನೋಡಲು ಬಂದ ಹುಡುಗನ ಸೋದರಮಾವ ನಮ್ಮ ಚಾವಡಿಯಲ್ಲಿ ಕೂತು ಹೇಳಿದ್ದ: “ವಿದ್ಯೆ ಉಂಟು, ಬಣ್ಣ ಇಲ್ಲ.” ನನ್ನ ಅಮ್ಮ ಒಳಗಿನಿಂದ, “ಅದು ಅವಳ ಅಪ್ಪನ ಕಡೆಯದ್ದು, ನಮ್ಮದಲ್ಲ” ಎಂದಿದ್ದಳು, ಕಿಟಕಿ ಒಡೆದದ್ದು ಬೇರೆ ಹುಡುಗರು ಎನ್ನುವ ಹಾಗೆ. ಮೂರು ವರ್ಷದ ನಂತರ ಅದೇ ಚಾವಡಿಯಲ್ಲಿ ಬಿಳಿ ಕಾಂತಿಗೆ ಸಂಬಂಧ ಕುದುರಿತು.

ಇದನ್ನು ಬರೆಯಬೇಕೆಂದು ಕೂತದ್ದಲ್ಲ.

೧೦ ಡಿಸೆಂಬರ್

ಅಬೂಬಕ್ಕರ್ ಬಂದಿದ್ದರು. ಮೂವತ್ತು ವರ್ಷದಿಂದ ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಬಂಟ್ವಾಳದಿಂದ ಚಾರ್ಮಾಡಿ ಬುಡದ ತನಕ ಮನೆಮನೆಗೆ ತಿರುಗುವವರು. ನಮ್ಮ ಜಗಲಿಯಲ್ಲಿ ಕೂತು ಗಂಟು ಬಿಚ್ಚಿದರೆ ನೆರೆಮನೆಯವರೂ ಬರುತ್ತಿದ್ದರು. ಇವತ್ತು ಯಾರೂ ಬರಲಿಲ್ಲ. ಅವರದು ತೆಳು ಬೂದು ಕಣ್ಣು. ಪೇಟೆಯ ಬಾಯಿಗೆ ಅಷ್ಟು ಸಾಕಾಗಿದೆ.

ಮಗುವಿನ ಅಂಗಿಗೆ ಎರಡು ಗಜ ತೆಳು ಮಲ್ಲುಬಟ್ಟೆ ಬೇಕೆಂದೆ. ಅವರು ಬಿಡಿಸಿದರು. ಬೆಳಕು ಸಾಲದು, ಈಚೆ ಹಿಡಿಯಿರಿ ಎಂದೆ. ಅವರು ಮೆಟ್ಟಿಲ ಕಡೆ ಸರಿದು ಹಿಡಿದರು. ನಾನು ಬಟ್ಟೆಯ ಬಣ್ಣ ನೋಡಿದೆ.

ಮೇಲಿನ ಸಾಲು ಸುಳ್ಳು. ಹೊಡೆದುಹಾಕುವುದಿಲ್ಲ, ಇರಲಿ. ನಾನು ಅವರ ಕಣ್ಣು ನೋಡಿದೆ. ಹಸಿರು ಉಂಟೋ ಇಲ್ಲವೋ ಎಂದು ನೋಡಿದೆ.

ಅವರು ಬಟ್ಟೆಯನ್ನು ಮಡಚತೊಡಗಿದರು. ನಿಧಾನವಾಗಿ, ಅಂಚಿಗೆ ಅಂಚು ಕೂಡಿಸಿ.

“ಟೀಚರಮ್ಮ, ನನಗೆ ಅರುವತ್ತೆರಡು. ಸರಸಮ್ಮನ ಮದುವೆ ಸೀರೆ ಈ ಹೆಗಲ ಮೇಲೆ ಬಂದದ್ದು. ಪೇಟೆಯವರು ನೋಡ್ತಾರೆ, ನೋಡ್ಲಿ, ಅವರಿಗೆ ಬೇರೆ ಕೆಲಸ ಇಲ್ಲ. ನೀವೂ ನೋಡಿದಿರಲ್ಲ.”

ನಾನು ಏನೋ ಹೇಳಲು ಹೋದೆ.

“ಕೇಳಿದ್ದರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ, ನೋಡಿದಿರಿ.” ಗಂಟು ಹೆಗಲಿಗೇರಿತು. ಮೆಟ್ಟಿಲು ಇಳಿದ ಮೇಲೆ ತಿರುಗಿ ನಿಂತರು. “ಮುಂಡಾಜೆಗೆ ಹೋಗಿ. ರಸ್ತೆಯಿಂದ ಕೆಳಗೆ ಸೇಸಮ್ಮ ಅಂತ ಒಬ್ಬರು ಇದ್ದಾರೆ, ವರ್ಷಕ್ಕೆ ಎರಡು ಸೀರೆ ತೆಗೀತಾರೆ. ಲೋಕನಾಥಣ್ಣನ ಅಪ್ಪನ ಅಕ್ಕ. ಅವರ ಕಣ್ಣು ನೋಡಿ. ಅವರನ್ನಾದರೂ ಮೊದಲು ಕೇಳಿ, ಆಮೇಲೆ ನೋಡಿ.”

ಲೋಕನಾಥನ ಅಪ್ಪನ ಮನೆ ಅಳಿದುಹೋಗಿದೆ, ಅಲ್ಲಿ ಯಾರೂ ಉಳಿದಿಲ್ಲ ಎಂದು ಅವನೇ ಮದುವೆಯ ಮಾತುಕತೆಯ ದಿನ ನನಗೆ ಹೇಳಿದ್ದ.

ಒಳಗೆ ಬಂದರೆ ಸರಸ ಬಾಗಿಲ ಹಿಂದೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಏನೂ ಹೇಳದೆ ಕೋಣೆಗೆ ಹೋದಳು.

೧೧ ಡಿಸೆಂಬರ್

ಬರೆಯಲು ಏನೂ ಇಲ್ಲ. ಒಂಬತ್ತನೆಯ ತರಗತಿಯ ಇಬ್ಬರಿಗೆ ಸುಮ್ಮನೆ ಬೈದೆ.

೨೮ ಡಿಸೆಂಬರ್

ಕ್ರಿಸ್ಮಸ್ ರಜೆ ಸಿಕ್ಕಿದ್ದೇ ಮುಂಡಾಜೆಗೆ ಹೋಗಿ ಬಂದೆ. ವೇಣೂರಿನ ಮೇಲೆ ಬೆಳ್ತಂಗಡಿಗೆ, ಅಲ್ಲಿ ಬಸ್ಸು ಬದಲಿಸಿ ಚಾರ್ಮಾಡಿ ರಸ್ತೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ವಕೀಲನ ಹಾಗೆ ಜೋಡಿಸಿಕೊಂಡಿದ್ದೆ.

ಕೊಯಿಲು ಮುಗಿದ ಮನೆ. ಹೆಂಗಸೊಬ್ಬಳು ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು. ಬಗ್ಗಿದವಳು ಎದ್ದು ನನ್ನನ್ನು ನೋಡಿದಳು. ಜೇನು, ಎರಡು ಹನಿ ಹಸಿರು. ಅರುವತ್ತು ದಾಟಿದ ಸುಕ್ಕಿನ ನಡುವೆ ನಮ್ಮ ತೊಟ್ಟಿಲಿನ ಕಣ್ಣು. ನಾನು ಜೋಡಿಸಿದ ಮಾತೆಲ್ಲ ಚೆಲ್ಲಿಹೋಯಿತು.

“ಓಟಿನವರಾ? ನಮ್ಮ ಮನೆಯ ಓಟು ಆಗಲೇ ಹೇಳಿ ಆಯ್ತು.”

“ಓಟಿನವಳಲ್ಲ. ಲೋಕನಾಥನಿಗೆ ಮಗಳು ಹುಟ್ಟಿದ್ದಾಳೆ. ನಿಮ್ಮ ತಮ್ಮ ಮುಂಡಪ್ಪಣ್ಣನ ಮಗ, ಲೋಕನಾಥ.”

ಸೆಗಣಿಯ ಕೈಯಲ್ಲೇ ಸೇಸಮ್ಮ ಕಟ್ಟೆಯ ಮೇಲೆ ಕೂತರು. “ಅವನಿಗೆ ಈಗ ಮೂವತ್ತಾ?” ಎಂದರು. “ಎಂಟು ತಿಂಗಳ ಮಗು ಅವನು, ಮುಂಡಪ್ಪನಿಗೆ ಜ್ವರ ಬಂದಾಗ. ಗಂಡಸು ಸತ್ತರೆ ಅವನ ಅಮ್ಮನ ಮನೆಗೆ ತರ್ಬೇಕಲ್ಲ, ನಮ್ಮ ಕಟ್ಟಲೆ. ಗಾಡಿಯಲ್ಲಿ ತಂದರು. ಇಳಿಸಿ ಹೋದರು. ಮತ್ತೆ ಆ ಮಗುವನ್ನು ಒಂದು ಸಲ ತೋರಿಸ್ಲಿಕ್ಕೂ ತರ್ಲಿಲ್ಲ. ನಾವು ಕೇಳುವ ಹಾಗೂ ಇಲ್ಲ. ಮಗು ಅವರದ್ದಲ್ವಾ, ಅವರ ಬಳಿ. ನಮಗೆ ಹೆಣ ಮಾತ್ರ.”

“ನಿಮ್ಮ ಕಣ್ಣು ಪದ್ಮಾಕ್ಷಿಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ? ಈ ಕಟ್ಟೆಯಲ್ಲೇ ಕೂತು ನನ್ನ ತಲೆ ಬಾಚಿದವಳು. ನನ್ನ ಅಮ್ಮನದ್ದೂ ಹೀಗೆ ಇತ್ತು. ಮುಂಡಪ್ಪನದ್ದು ಕಪ್ಪು. ನಾವು ಅವನಿಗೆ ತಮಾಷೆ ಮಾಡ್ತಿದ್ದೆವು, ನಿನ್ನನ್ನು ಸಂತೆಯಿಂದ ತಂದದ್ದು ಅಂತ.” ಅವರು ನಕ್ಕರು. ನಗುವಾಗ ಗದ್ದ ಚಿಕ್ಕದಾಗಿ ಒಳಗೆ ಹೋಯಿತು. ಎರವಲು ಗದ್ದ ಎಲ್ಲಿಯದೆಂದು ತಿಳಿಯಿತು.

ಹಾಗಾದರೆ ಪದ್ಮಾಕ್ಷಿಗೆ ಗೊತ್ತಿತ್ತು! ರೆಪ್ಪೆ ಎತ್ತಿ ನೋಡಿದ ಕ್ಷಣದಲ್ಲೇ ಗೊತ್ತಾಗಿದೆ. ಗೊತ್ತಿದ್ದೂ ನಮ್ಮ ಹುಡುಗಿಯನ್ನು ದೈವದ ಎದುರು ನಿಲ್ಲಿಸಲು ಹೊರಟಿದ್ದಾಳೆ.

ಕರೆದ ದಿನ ಬರುತ್ತೇನೆಂದು ಸೇಸಮ್ಮ ಮಾತು ಕೊಟ್ಟಿದ್ದಾರೆ. “ಮಗುವನ್ನು ಎತ್ತಿಕೊಳ್ಳಲಿಕ್ಕೆ ಬಿಡ್ತೀರಲ್ಲ?” ಎಂದು ಎರಡು ಸಲ ಕೇಳಿದರು.

೫ ಜನವರಿ ೧೯೬೨

ಪ್ರಮಾಣಕ್ಕೆ ಬರುತ್ತೇವೆಂದು ಅವರಿಗೆ ತಿಳಿಸಿದ್ದೇನೆ. ಆ ದಿನ ಪಾಣೆಮಂಗಳೂರಿನಲ್ಲಿ ಓದಿ ಹೇಳಲು ಒಂದು ಕಾಗದ ಬರೆಯುತ್ತಿದ್ದೇನೆ. ಬೀಜದ ನಿಯಮ, ಸೇಸಮ್ಮನ ತಾಯಿ, ಮುಂಡಪ್ಪ, ಲೋಕನಾಥ, ಮಗು. ಮರದ ಕೊಂಬೆಗಳ ಹಾಗೆ ಗೆರೆ ಎಳೆದೆ. ಒಂದು ಬದಿ ತುಂಬಿತು. ಇನ್ನೊಂದು ಬದಿ ಬಿಳಿ.

ಎರಡನೆಯ ಬಿಳಿ ಬೀಜ ನಮ್ಮದು. ಕಾಂತಿ ಅಂದೇ ಕೇಳಿದ್ದಳು. ಅಮ್ಮನ ಮನೆಯ ಹನ್ನೊಂದು ತಲೆಮಾರು ನನಗೆ ಬಾಯಿಪಾಠ, ಅವರಲ್ಲಿ ಯಾರಿಗೂ ಇಂಥ ಕಣ್ಣಿಲ್ಲ. ಕಾಂತಿಯ ಗಂಡನ ಕಡೆಯೋ, ನಮ್ಮ ಅಪ್ಪನ ಕಡೆಯೋ. ಅಪ್ಪನ ಮನೆ ಪೊಳಲಿಯ ಹತ್ತಿರ ಎಂದಷ್ಟೇ ಗೊತ್ತು. ಆ ಮನೆಯ ಅಂಗಳ ನಾನು ಮೆಟ್ಟಿಲ್ಲ. ನನ್ನ ಬಣ್ಣ ಅಲ್ಲಿಂದ ಬಂದದ್ದೆಂದು ಹೇಳಿದ ದಿನದಿಂದ ಆ ದಾರಿಯ ಬಸ್ಸನ್ನೂ ಹತ್ತಿಲ್ಲ. ಲೋಕನಾಥನ ಅಪ್ಪನ ತಾಯಿಯ ಕಣ್ಣು ಹುಡುಕಿಕೊಂಡು ಎರಡು ಬಸ್ಸು ಹತ್ತಿದವಳಿಗೆ ತನ್ನ ಅಪ್ಪನ ತಾಯಿಯ ಹೆಸರು ಗೊತ್ತಿಲ್ಲ.

ಇರಲಿ. ಆ ಬದಿ ಬರೆಯುವುದಿಲ್ಲ. ಶತ್ರುವಿನ ಕೈಗೆ ಕತ್ತಿ ಕೊಡುವವರು ಉಂಟೇ?

೨೧ ಜನವರಿ

ಪ್ರಮಾಣಕ್ಕೆ ಫೆಬ್ರವರಿ ನಾಲ್ಕು ಎಂದಿದ್ದವರು ಹನ್ನೊಂದಕ್ಕೆ ಮುಂದೂಡಿದ್ದಾರೆ. ನಾಲ್ಕಕ್ಕೆ ಎಂಟು ಗ್ರಹ ಒಂದೇ ರಾಶಿಯಲ್ಲಂತೆ, ಪ್ರಪಂಚ ಮುಳುಗುತ್ತದಂತೆ. ಪೇಟೆಯಲ್ಲಿ ಹೋಮಕ್ಕೆ ತುಪ್ಪ ಸಿಗುವುದಿಲ್ಲ. ಪ್ರಪಂಚ ಮುಳುಗಿದ ಮೇಲೂ ಹನ್ನೊಂದಕ್ಕೆ ಮಗುವಿನ ಕಣ್ಣಿನ ವಿಚಾರಣೆ ಉಂಟು. ಅಷ್ಟು ನಂಬಿಕೆ ಪದ್ಮಾಕ್ಷಿಗೆ.

ಸರಸ ಮಗುವನ್ನು ಈಗ “ಪುಚ್ಚೆ” ಎಂದೇ ಕರೆಯುತ್ತಾಳೆ. “ಪುಚ್ಚೆ, ಹಾಲು ಕುಡಿ. ಪುಚ್ಚೆ, ಉಗುರು ಹಾಕ್ಬೇಡ.” ಬೇಡವೆಂದು ಗದರಿಸಿದೆ. “ಬೆಕ್ಕಿಗೆ ಬೆಕ್ಕು ಅಂದ್ರೆ ಬೆಕ್ಕಿಗೆ ಸಿಟ್ಟು ಬರುವುದಿಲ್ಲ ದೊಡ್ಡಮ್ಮ” ಎಂದಳು.

೧೦ ಫೆಬ್ರವರಿ

ಪ್ರಪಂಚ ಮುಳುಗಲಿಲ್ಲ.

ಬೆಳಿಗ್ಗೆ ಸರಸ ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ನಾನು ಕಾಗದ ಓದಿ ತೋರಿಸಿದೆ. ಸೇಸಮ್ಮ ನಾಳೆ ನೇರ ಪಾಣೆಮಂಗಳೂರಿಗೆ ಬರುವುದು, ಎಲ್ಲರೂ ಕೂತ ಮೇಲೆ ಒಳಗೆ ಬರುವುದು, ಆಗ ನಾನು ಎದ್ದು ನಿಂತು ಓದುವುದು, ಎಲ್ಲ ಹೇಳಿದೆ. ಅವಳು ಮಗುವಿನ ಬೆನ್ನು ತಿಕ್ಕಿ, ಮಗುಚಿ, ಎದೆ ತಿಕ್ಕಿದಳು.

“ಆ ಅಜ್ಜಿಯ ಕಣ್ಣು ಕಪ್ಪಾಗಿದ್ದಿದ್ದರೆ?”

“ಏನು?”

“ಮುಂಡಾಜೆಗೆ ಹೋದಿರಲ್ಲ. ಅಲ್ಲಿ ಕಪ್ಪು ಕಣ್ಣಿನವರೇ ಇದ್ದಿದ್ದರೆ ನೀವು ಮನೆಗೆ ಬಂದು ನನ್ನನ್ನು ಏನು ಕೇಳ್ತಿದ್ದಿರಿ?”

ಏನೂ ಕೇಳುತ್ತಿರಲಿಲ್ಲ ಎಂದು ಹೇಳಬೇಕಿತ್ತು. ತಡವಾಯಿತು. ಅವಳು ಬಿಸಿನೀರಿನ ತಂಬಿಗೆಗೆ ಕೈ ಚಾಚಿದಳು, ನಾನು ತೆಗೆದು ಕೊಟ್ಟೆ.

“ನೀವು ಅಬೂಬಕ್ಕರಣ್ಣನ ಮುಖ ನೋಡಿದ್ದು ನಾನು ನೋಡಿದೆ” ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

೧೨ ಫೆಬ್ರವರಿ

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪಾಣೆಮಂಗಳೂರಿನ ಮನೆಯ ಚಾವಡಿಯಲ್ಲಿ ಪದ್ಮಾಕ್ಷಿ, ಲೋಕನಾಥ, ಊರಿನ ಇಬ್ಬರು ಹಿರಿಯರು. ದೈವಕ್ಕೆ ಮೀಸಲಿಟ್ಟ ಮಂಚದ ಎದುರು ದೀಪ. ಸರಸ ಮಗುವಿನೊಂದಿಗೆ, ಪಕ್ಕದಲ್ಲಿ ಕಾಂತಿ ಮತ್ತು ನಾನು. ಹಿರಿಯರೊಬ್ಬರು ಗಂಟಲು ಸರಿಮಾಡುವಷ್ಟರಲ್ಲಿ ಸೇಸಮ್ಮ ಮೆಟ್ಟಿಲು ಹತ್ತಿ ಬಂದರು. ಕೊಡೆಯನ್ನು ಮೂಲೆಗಿಟ್ಟು, ಸೆರಗು ಹೊದ್ದು, ನೇರ ನಡೆದು ಸರಸಳ ಎದುರು ಕೈ ಚಾಚಿದರು. ಸರಸ ಮಗುವನ್ನು ಕೊಟ್ಟಳು.

ಪದ್ಮಾಕ್ಷಿ ಕೈಯಲ್ಲಿದ್ದ ವೀಳ್ಯದ ಹರಿವಾಣವನ್ನು ನೆಲಕ್ಕಿಟ್ಟಳು.

“ಇವರು ಯಾರಮ್ಮ?” ಎಂದು ಲೋಕನಾಥ ಕೇಳಿದ.

ಪದ್ಮಾಕ್ಷಿ ದೀಪದ ಕಡೆ ತಿರುಗಿ ಬತ್ತಿ ಸರಿಮಾಡಿದಳು.

“ನಾನು ಅಳಿದುಹೋದ ಮನೆಯವಳು ಮಗಾ” ಎಂದರು ಸೇಸಮ್ಮ. “ನಿನ್ನ ಅಪ್ಪನ ಅಕ್ಕ.”

ಹಿರಿಯರು ಒಮ್ಮೆ ಸೇಸಮ್ಮನನ್ನು, ಒಮ್ಮೆ ಮಗುವನ್ನು ನೋಡಿದರು. ಕಾಗದ ಓದುವ ಅಗತ್ಯವೇ ಬೀಳಲಿಲ್ಲ. ಲೋಕನಾಥ ತಾಯಿಯ ಕಡೆ ತಿರುಗಿ, “ಯಾರೂ ಇಲ್ಲ ಅಂದಿರಿ. ಪ್ರತಿ ವರ್ಷ ಅಪ್ಪನಿಗೆ ಎಡೆ ಇಡುವಾಗ ಕೇಳ್ತಿದ್ದೆ, ಯಾರೂ ಇಲ್ಲ ಅಂದಿರಿ” ಎಂದ.

“ಇಪ್ಪತ್ತೈದರಲ್ಲಿ ಗಂಡ ಹೋದ ನನಗೆ” ಎಂದಳು ಪದ್ಮಾಕ್ಷಿ. “ಇವಳಿಗೆ ಮಕ್ಕಳಿಲ್ಲ. ನೀನು ಅಲ್ಲಿಗೆ ಹೋಗಿ ಬಂದು ಮಾಡಿದರೆ ಅಲ್ಲೇ ಉಳಿದುಬಿಡ್ತಿಯಾ ಅಂತ ಹೆದರಿಕೆ. ಒಂದು ಸಲ ಹೇಳಿದೆ. ಆಮೇಲೆ ಅದನ್ನು ತಿದ್ದುವುದು ಹೇಗೆ?”

“ಆ ಸುಳ್ಳು ಉಳಿಯಲಿಕ್ಕೆ ನನ್ನ ಮಗಳ ಮಾನ ಹೋಗ್ಬೇಕಾಯ್ತಾ?” ಎಂದು ನಾನು ಕಿರುಚಿದೆ. ಶಾಲೆಯಲ್ಲಿ ಇಪ್ಪತ್ತು ವರ್ಷ ಹೀಗೆ ಕಿರುಚಿಲ್ಲ. ಇನ್ನೂ ಹೇಳುವುದಿತ್ತು, ಕಾಂತಿ ಸೆರಗು ಎಳೆದಳು.

ಹಿರಿಯರು, “ಆಯ್ತು ಟೀಚರಕ್ಕ, ಇನ್ನು ಪ್ರಮಾಣ ಬೇಡ. ಮಗು ಈ ಮನೆಯದ್ದೇ. ಸರಸ ಇಲ್ಲೇ ಇರ್ಲಿ” ಎಂದರು. ಗೆದ್ದೆವೆಂದು ನಾನು ಕಾಗದ ಮಡಚಿದೆ.

“ಬೇಡ ಅಂತ ಹೇಳ್ಬೇಕಾದವರು ನೀವಲ್ಲ” ಎಂದಳು ಸರಸ. “ಪ್ರಮಾಣ ಮಾಡುವುದಿಲ್ಲ ಅಂತ ಹೇಳ್ಲಿಕ್ಕೆ ನಾನು ಬಂದದ್ದು. ಈ ಅಜ್ಜಿ ಬಾರದಿದ್ದರೂ ಅದನ್ನೇ ಹೇಳಿ ಹೋಗ್ತಿದ್ದೆ.” ಆಮೇಲೆ ನನ್ನ ಕೈಯ ಕಾಗದ ನೋಡಿ, “ಮತ್ತೆ ಈ ಕಣ್ಣು ಇಡೀ ಮುಂಡಾಜೆಯದ್ದಲ್ಲ. ಅರ್ಧ ನಮ್ಮದು. ಬೀಜ ಇಟ್ಟು ತೋರಿಸಿದ್ದು ದೊಡ್ಡಮ್ಮ” ಎಂದಳು.

ನನ್ನ ಕಾಗದದಲ್ಲಿ ಇಲ್ಲದ ಸಾಲು ಅದೊಂದೇ.

ಲೋಕನಾಥ ಎದ್ದು ಬಂದು, “ಸರಸ, ನಾನು...” ಎಂದ.

“ನೀವು ಬರ್ಬೇಕಾದ್ರೆ ಮೂಡಬಿದಿರೆಗೆ ಬನ್ನಿ. ಅಜ್ಜಿಯರ ಕಾಲದಲ್ಲಿ ಗಂಡ ಅಂದ್ರೆ ಬಂದು ಹೋಗುವವನು. ಬಂದರೆ ಊಟ ಉಂಟು. ನಾನು ಈ ಮೆಟ್ಟಿಲು ಇನ್ನು ಹತ್ತುವುದಿಲ್ಲ.”

ಪದ್ಮಾಕ್ಷಿ ಹರಿವಾಣವನ್ನು ನಮ್ಮ ಮುಂದೆ ಹಿಡಿದಳು. ಅವಳ ಬೆರಳುಗಳು ಸುಣ್ಣ ತಿಂದು ಬಿರುಕುಬಿಟ್ಟಿದ್ದವು, ಉಗುರು ಸವೆದಿತ್ತು. ದುಡಿದ ಕೈ. ನಾನು ವೀಳ್ಯ ಮುಟ್ಟಬಾರದೆಂದೇ ಹೋಗಿದ್ದೆ. ಒಂದು ಎಲೆ ತೆಗೆದುಕೊಂಡೆ. ಯಾಕೆಂದು ತಿಳಿಯದು. ಸಿಟ್ಟೇನೂ ಹೋಗಿಲ್ಲ.

೨೫ ಫೆಬ್ರವರಿ

ಸರಸ ಹೇಳಿ ಕಳುಹಿಸಿದ್ದರಿಂದ ಅಬೂಬಕ್ಕರ್ ಬಂದರು. ಜಗಲಿಗೆ ಬರಲಿಲ್ಲ, ಅಂಗಳದ ಕಟ್ಟೆಯಲ್ಲೇ ಗಂಟು ಬಿಚ್ಚಿದರು.

ನಾನು ಇಳಿದು ಹೋಗಿ ಕ್ಷಮಿಸಿ ಎಂದೆ. ತುಳುವಿನಲ್ಲಿ ಆ ಮಾತು ನಮ್ಮ ಬಾಯಿಗೆ ಅಭ್ಯಾಸವಿಲ್ಲ. ಕನ್ನಡದಲ್ಲಿ ಹೇಳಿದೆ, ಪಾಠ ಒಪ್ಪಿಸಿದ ಹಾಗಾಯಿತು.

“ಆಯ್ತು ಟೀಚರಮ್ಮ” ಎಂದರು. “ಸೇಸಮ್ಮ ಮೊನ್ನೆ ಮೂರು ಸೀರೆ ತೆಗೆದರು. ಒಂದು ಪುಳ್ಳಿಗೆ ಅಂತೆ, ಈ ಮಗು ದೊಡ್ಡವಳಾದ ಮೇಲೆ ಉಡ್ಲಿಕ್ಕೆ. ಅಷ್ಟರವರೆಗೆ ಜಿರಳೆ ಬಿಡ್ತದಾ ಅಂತ ಕೇಳಿದೆ.”

ಸರಸ ನಕ್ಕಳು. ನಾನೂ ನಕ್ಕೆ. ಜಗಲಿಯಲ್ಲಿ ಚಾಪೆ ಹಾಸಿದೆ, ಮೇಲೆ ಬನ್ನಿ ಎಂದೆ. “ಇಲ್ಲಿ ಗಾಳಿ ಉಂಟು” ಎಂದು ಕಟ್ಟೆಯಲ್ಲೇ ಕೂತರು. ಅಲ್ಲಿ ಗಾಳಿ ಇರಲಿಲ್ಲ.

೧೮ ಮಾರ್ಚ್

ಲೋಕನಾಥ ನಿನ್ನೆ ಮೂರನೆಯ ಸಲ ಬಂದು ಹೋದ. ಈ ಸಲ ಮಗುವಿನ ಬಟ್ಟೆ ಒಗೆದ. ಹಿಂಡಲು ಬರುವುದಿಲ್ಲ ಅವನಿಗೆ. ಕಲಿಯಲಿ.

ಪೊಳಲಿಯಿಂದ ಕಾರ್ಡೂ ನಿನ್ನೆಯೇ ಬಂತು. ಹದಿನೈದು ದಿನದ ಹಿಂದೆ ಅಪ್ಪನ ಹೆಸರು ಹೇಳಿ, ಪೊಳಲಿ ಅಂಚೆ ಎಂದಷ್ಟೇ ವಿಳಾಸ ಬರೆದು ಹಾಕಿದ್ದೆ, ಯಾರಾದರೂ ಇದ್ದರೆ ಇರಲಿ ಎಂದು. ಅಪ್ಪನ ಸೋದರಸೊಸೆಯೊಬ್ಬಳು ಉತ್ತರಿಸಿದ್ದಾಳೆ. ನನ್ನ ಅಜ್ಜಿಯ ಹೆಸರು ದುಗ್ಗಮ್ಮ. ನಾಟಿಯ ದಿನ ಗದ್ದೆಯ ಬದುವಿನಲ್ಲಿ ನಿಂತು ಪಾಡ್ದನ ಹಾಡಿದರೆ ಆಚೆ ಗದ್ದೆಯವರೂ ಕೈಯಲ್ಲಿ ನೇಜಿಯ ಸಸಿ ಹಿಡಿದು ನಿಂತು ಕೇಳುತ್ತಿದ್ದರಂತೆ. ಒಂದು ಹಾಡನ್ನು ಎರಡು ಸಲ ಒಂದೇ ಹಾಗೆ ಹಾಡಿದವರಲ್ಲವಂತೆ.

ಕಾರ್ಡನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಕಾಂತಿ ಅಡುಗೆಮನೆಯಿಂದ ಬಂದಳು.

“ಕಣ್ಣು ಹೇಗಿತ್ತಂತೆ?”

“ಬರೆದಿಲ್ಲ.”

“ಬಣ್ಣ? ನಿನ್ನ ಹಾಗೆ ಕಪ್ಪಾ?”

“ನಾನು ಕೇಳ್ಲಿಲ್ಲ ಕಾಂತಿ.”

“ಮತ್ತೆ ಕಾರ್ಡು ಬರೆದದ್ದು ಯಾಕೆ ಮಾರಾಯ್ತಿ?”

ಹೌದಲ್ಲ. ಅದನ್ನು ಕೇಳಲೆಂದೇ ಬರೆಯಲು ಕೂತಿದ್ದೆ. ಹೆಸರು ಕೇಳಿದೆ, ಏನು ಮಾಡುತ್ತಿದ್ದರೆಂದು ಕೇಳಿದೆ, ಎಲ್ಲಿ ಸುಟ್ಟದ್ದೆಂದು ಕೇಳಿದೆ. ನಾನು ಬರೆದ ಕಾರ್ಡಿನ ಕೆಳಗೆ ಎರಡು ಸಾಲಿನಷ್ಟು ಜಾಗವೂ ಉಳಿದಿತ್ತು.